ಸಕ್ಕರ್, ಬ್ರಿಸಲ್‌ನೋಸ್, ಕೋರಿ: ಕೊಡಗಿನಲ್ಲಿ ಕವಚದ ಮೀನು ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯ ನನ್ನ ಮನೆಯ ಹಜಾರದಲ್ಲಿ ನಾಲ್ಕು ಗಾಜಿನ ತೊಟ್ಟಿಗಳಿವೆ. ಅವುಗಳ ತಳದಲ್ಲಿ ಹದಿನೈದು ವರ್ಷಗಳಿಂದ ಒಂದಲ್ಲ ಒಂದು ಕವಚದ ಮೀನು ಓಡಾಡಿಕೊಂಡಿದೆ. ನೋಡಿದವರು ಪ್ರಶ್ನೆ ಕೇಳದೆ ಹೋಗುವುದಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಕೇಳುತ್ತಾರೆ, ಗೋಣಿಕೊಪ್ಪ, ಸೋಮವಾರಪೇಟೆಗಳಿಂದ ಪತ್ರ ಬರೆದೂ ಕೇಳುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಅವಸರದಲ್ಲಿರುವವರು ಕೊನೆಯ ಭಾಗವನ್ನಾದರೂ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಅಲ್ಲಿರುವುದು ತೊಟ್ಟಿಯ ವಿಷಯಕ್ಕಿಂತ ಹೆಚ್ಚಾಗಿ ಕಾವೇರಿಯ ವಿಷಯ.

## ಮೊದಲ ಪರಿಚಯ

ಸಕ್ಕರ್ ಮೀನು ಎಂದರೆ ಸರಿಯಾಗಿ ಯಾವುದು? ಅಂಗಡಿಯಲ್ಲಿ ಗಾಜಿಗೆ ಅಂಟಿಕೊಂಡಿದ್ದಕ್ಕೆಲ್ಲ ಅದೇ ಹೆಸರು ಹೇಳುತ್ತಾರಲ್ಲ?

ಅದು ಅಂಗಡಿಯ ಹೆಸರು, ಜಾತಿಯ ಹೆಸರಲ್ಲ. ಮೈಮೇಲೆ ಹುರುಪೆಯ ಬದಲು ಮೂಳೆಯ ಬಿಲ್ಲೆಗಳನ್ನು ಹೆಂಚಿನಂತೆ ಸಾಲಾಗಿ ಹೊದ್ದಿರುವ ಕ್ಯಾಟ್‌ಫಿಶ್‌ಗಳನ್ನು ಕವಚದ ಮೀನು ಎನ್ನುತ್ತೇವೆ. ಇವುಗಳ ತವರು ದಕ್ಷಿಣ ಮತ್ತು ಮಧ್ಯ ಅಮೆರಿಕ. ಮನೆಯ ತೊಟ್ಟಿಗೆ ಬರುವುದು ಮುಖ್ಯವಾಗಿ ಎರಡು ಕುಟುಂಬಗಳು. ಲೊರಿಕಾರಿಡೆ ಕುಟುಂಬದವುಗಳಿಗೆ ಬಾಯಿ ತಲೆಯ ಕೆಳಗೆ ಬಟ್ಟಲಿನಂತಿದ್ದು ಕಲ್ಲು, ಗಾಜುಗಳಿಗೆ ಕಚ್ಚಿಕೊಳ್ಳುತ್ತದೆ. ಸಕ್ಕರ್, ಬ್ರಿಸಲ್‌ನೋಸ್, ಪುಟ್ಟ ಒಟೊಸಿಂಕ್ಲಸ್ ಇಲ್ಲಿ ಬರುತ್ತವೆ. ಕ್ಯಾಲಿಕ್ತಿಡೆ ಕುಟುಂಬದವುಗಳಿಗೆ ಪಕ್ಕೆಯಲ್ಲಿ ಎರಡೇ ಸಾಲು ಬಿಲ್ಲೆ, ಬಾಯಿಯ ಬಳಿ ಮೀಸೆ. ಎಲ್ಲರೂ ಬಲ್ಲ ಕೋರಿಡೋರಾಸ್ ಈ ಕುಟುಂಬದ್ದು. ಕೋರಿ ಗಾಜಿಗೆ ಅಂಟುವುದಿಲ್ಲ, ಮರಳು ಕೆದಕುತ್ತದೆ.

ನಮ್ಮ ಹೊಳೆಯಲ್ಲೂ ಕಲ್ಲಿಗೆ ಅಂಟಿಕೊಳ್ಳುವ ಮೀನು ಇದೆ. ಅದೂ ಇದೇ ಅಲ್ಲವೇ?

ಅಲ್ಲ. ನಮ್ಮ ತೊರೆಗಳಲ್ಲಿ ಕಲ್ಲಿಗೆ ಕಚ್ಚಿಕೊಳ್ಳುವ ಗಾರಾ ಮೀನುಗಳು ಗೆಂಡೆಯ ಬಳಗಕ್ಕೆ ಸೇರಿದವು. ಅವುಗಳ ಗದ್ದದ ಕೆಳಗೆ ಒಂದು ಸಣ್ಣ ತಟ್ಟೆಯಂಥ ಅಂಗವಿದೆ. ಪಶ್ಚಿಮ ಘಟ್ಟದ ಭೋರ್ಗರೆವ ನೀರಿನಲ್ಲಿರುವ ಭವಾನಿಯಾ ಎಂಬ ಚಪ್ಪಟೆ ಮೀನು ರೆಕ್ಕೆಗಳನ್ನೇ ಹರಡಿ ಬಂಡೆಯನ್ನು ತಬ್ಬಿಕೊಳ್ಳುತ್ತದೆ. ಗದ್ದೆ, ಕೆರೆಗಳ ಚೇಳು ಮೀನು ಕ್ಯಾಟ್‌ಫಿಶ್ ಹೌದು, ಆದರೆ ಅದರ ಮೈ ನುಣುಪು. ಮೇಲೆ ಹೇಳಿದ ಎರಡು ಕುಟುಂಬಗಳ ಕವಚದ ಮೀನು ಭಾರತದ ಯಾವ ನದಿಯ ಮೂಲ ನಿವಾಸಿಯೂ ಅಲ್ಲ. ಹೊಳೆಯಲ್ಲಿ ಒಂದು ಕಂಡರೆ ಅದನ್ನು ಯಾರೋ ತಂದು ಬಿಟ್ಟಿದ್ದಾರೆ ಎಂದೇ ಅರ್ಥ.

ಪಾಚಿ ತಿಂದು ತೊಟ್ಟಿ ಶುಚಿಯಾಗಿಡುತ್ತದೆ ಎಂದು ಹೇಳಿ ಕೊಟ್ಟರು. ಈಗ ಗಲೀಜು ಮೊದಲಿಗಿಂತ ಹೆಚ್ಚಾಗಿದೆ, ಯಾಕೆ?

ಮರಿಯಾಗಿದ್ದಾಗ ಸಕ್ಕರ್ ಪಾಚಿಯನ್ನು ಹೆರೆದು ತಿನ್ನುವುದು ನಿಜ. ಬೆಳೆದಂತೆ ಅದಕ್ಕೆ ಬೇರೆ ಮೀನುಗಳ ಆಹಾರವೇ ರುಚಿಸುತ್ತದೆ. ತಿಂದಷ್ಟೂ ಹಿಕ್ಕೆ ಹಾಕುತ್ತದೆ. ದೊಡ್ಡ ಸಕ್ಕರ್ ಇರುವ ತೊಟ್ಟಿಯಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ತಳದಲ್ಲಿ ಕಂದು ದಾರದ ಉಂಡೆಗಳು ಬಿದ್ದಿರುತ್ತವೆ. ಯಾವ ಮೀನೂ ತೊಟ್ಟಿ ತೊಳೆಯುವುದಿಲ್ಲ. ಗಾಜು ಒರೆಸುವುದೂ ವಾರಕ್ಕೆ ಕಾಲು ಭಾಗ ನೀರು ಬದಲಿಸುವುದೂ ಸಾಕುವವರ ಕೆಲಸ. ‘ಟ್ಯಾಂಕ್ ಕ್ಲೀನರ್’ ಎಂಬ ಹೆಸರನ್ನು ನಂಬಿ ತಂದ ಮೀನುಗಳೇ ಕೊನೆಗೆ ಹೆಚ್ಚಾಗಿ ಹೊಳೆಗೆ ಬೀಳುತ್ತವೆ ಎಂಬುದು ನನ್ನ ನೋವು.

ನಮ್ಮದು ಎರಡು ಅಡಿಯ ತೊಟ್ಟಿ. ಯಾವುದನ್ನು ತರಬಹುದು?

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ ಎಂದರೆ ಸುಮಾರು 55 ಲೀಟರ್. ಅದಕ್ಕೆ ಆರು ಕೋರಿಗಳ ಗುಂಪು ಚೆನ್ನಾಗಿ ಹೊಂದುತ್ತದೆ. ಒಂದೇ ಕೋರಿ ತರಬೇಡಿ. ಜೊತೆಯಿಲ್ಲದ ಕೋರಿ ಮೂಲೆ ಹಿಡಿದು ಕೂರುತ್ತದೆ. ಬ್ರಿಸಲ್‌ನೋಸ್ ಬೇಕೆಂದರೆ ಮೂರು ಅಡಿಯ ತೊಟ್ಟಿ ಮಾಡಿಸಿಕೊಳ್ಳಿ. ಅದು 10ರಿಂದ 15 ಸೆಂಟಿಮೀಟರ್‌ಗೆ ನಿಲ್ಲುವ ಮೀನು. ಮಾಮೂಲಿ ಸಕ್ಕರ್ ಮಾತ್ರ ನಾಲ್ಕು ಅಡಿಯ ತೊಟ್ಟಿಗೂ ಬೇಡ. ಅದು 40 ಸೆಂಟಿಮೀಟರ್ ದಾಟುತ್ತದೆ, ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ.

## ಗುರುತು ಹಿಡಿಯುವುದು

ಎರಡು ಇಂಚಿನ ಮರಿಯನ್ನು ನೋಡಿ, ಅದು ದೊಡ್ಡದಾಗುವ ಸಕ್ಕರೋ ಸಣ್ಣ ಬ್ರಿಸಲ್‌ನೋಸೋ ಎಂದು ಹೇಗೆ ಹೇಳುವುದು?

ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಬಹಳ ಮುಖ್ಯವಾದದ್ದು. ಬಣ್ಣವನ್ನು ನಂಬಬೇಡಿ, ಎರಡೂ ಕಂದು, ಎರಡಕ್ಕೂ ಚುಕ್ಕೆ, ಎರಡರಲ್ಲೂ ಬಿಳಿ-ಹಳದಿ ಬಣ್ಣದ ಅಲ್ಬಿನೊ ಇವೆ. ಮರಿಯನ್ನು ಒಂದು ಗಾಜಿನ ಲೋಟಕ್ಕೆ ಹಾಕಿಸಿ ಬೆಳಕಿಗೆ ಹಿಡಿಯಿರಿ.

ಮೊದಲು ಬೆನ್ನಿನ ರೆಕ್ಕೆ. ಅದು ಬಿಡಿಸಿದಾಗ ಮುಂದಿನ ಗಟ್ಟಿ ಮುಳ್ಳನ್ನು ಬಿಟ್ಟು ಹಿಂದಿನ ಮೆದು ಕಡ್ಡಿಗಳನ್ನು ಎಣಿಸಿ. ಏಳು ಇದ್ದರೆ ಬ್ರಿಸಲ್‌ನೋಸ್, ಅಂದರೆ ಆನ್ಸಿಸ್ಟ್ರಸ್ ಇರಬಹುದು. ಹತ್ತು ಅಥವಾ ಅದಕ್ಕೂ ಹೆಚ್ಚಿದ್ದು, ರೆಕ್ಕೆ ದೋಣಿಯ ಹಾಯಿಯಂತೆ ಅಗಲವಾಗಿ ನಿಂತರೆ ಅದು ಟೆರಿಗೊಪ್ಲಿಕ್ತಿಸ್, ದೊಡ್ಡದಾಗುವ ಸಕ್ಕರ್. ಹೈಪೊಸ್ಟೊಮಸ್ ಎಂಬ ಇನ್ನೊಂದು ಗುಂಪಿಗೂ ಕಡ್ಡಿ ಏಳೇ, ಅದರಲ್ಲೂ ದೊಡ್ಡದಾಗುವ ಜಾತಿಗಳಿವೆ. ಆದ್ದರಿಂದ ಎಣಿಕೆಯೊಂದೇ ಸಾಲದು.

ಆಮೇಲೆ ಲೋಟವನ್ನು ಎತ್ತಿ ಕೆಳಗಿನಿಂದ ನೋಡಿ. ಬ್ರಿಸಲ್‌ನೋಸ್‌ನ ಹೊಟ್ಟೆ ಬಿಲ್ಲೆಯಿಲ್ಲದ ಬರಿ ಚರ್ಮ, ಮೂತಿಯ ಅಂಚೂ ಹಾಗೆಯೇ ಮೆತ್ತಗೆ. ಮೇಲಿನಿಂದ ನೋಡಿದರೆ ತಲೆ ಅಗಲ, ಮೈ ಚಪ್ಪಟೆ. ಬೆಳೆದ ಗಂಡಿನ ಮೂತಿಯ ಮೇಲೆ ಕವಲೊಡೆದ ಮಾಂಸದ ಕುಡಿಗಳು ಎದ್ದಿರುತ್ತವೆ, ಬಂಡೆಗೆ ಪಾಚಿ ಬೆಳೆದ ಹಾಗೆ. ಹೆಣ್ಣಿಗೆ ಅವು ಇರುವುದಿಲ್ಲ, ಇದ್ದರೂ ಅಂಚಿನಲ್ಲಿ ಚಿಕ್ಕವು. ಆ ಕುಡಿಗಳು ಕಂಡರೆ ಉಳಿದ ಯಾವ ಪರೀಕ್ಷೆಯೂ ಬೇಡ.

ನಮ್ಮ ಸಕ್ಕರ್‌ನ ಹೊಟ್ಟೆಯ ಮೇಲೆ ಹುಳು ಹರಿದಂಥ ಗೆರೆಗಳಿವೆ. ನೆಂಟರ ಮನೆಯದಕ್ಕೆ ಬಿಡಿ ಚುಕ್ಕೆಗಳಿವೆ. ಬೇರೆ ಬೇರೆಯೇ?

ಎರಡೂ ಟೆರಿಗೊಪ್ಲಿಕ್ತಿಸ್ ಕುಲದವು. ಚುಕ್ಕೆಗಳು ಒಂದಕ್ಕೊಂದು ಕೂಡಿ ಗೆರೆಯಾಗಿದ್ದರೆ ಡಿಸ್‌ಜಂಕ್ಟಿವಸ್, ಬಿಡಿಬಿಡಿಯಾಗಿದ್ದರೆ ಪಾರ್ಡಾಲಿಸ್ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಎರಡರ ಮಿಶ್ರತಳಿಗಳೂ ಇರುವುದರಿಂದ ನಡುವಿನ ಚಿತ್ತಾರಗಳೂ ಸಿಗುತ್ತವೆ. ಸಾಕುವವರಿಗೆ ಈ ವ್ಯತ್ಯಾಸದಿಂದ ಏನೂ ಆಗಬೇಕಿಲ್ಲ; ಎರಡೂ ತೊಟ್ಟಿಗೆ ಮೀರಿ ಬೆಳೆಯುತ್ತವೆ, ಹೊಳೆಗೆ ಎರಡೂ ಒಂದೇ ಕೆಡುಕು.

‘ಚೈನೀಸ್ ಆಲ್ಗೆ ಈಟರ್’ ಕೂಡ ಗಾಜಿಗೆ ಅಂಟುತ್ತದೆ. ಅದು ಕವಚದ ಮೀನೇ?

ಅಲ್ಲ. ಅದು ಆಗ್ನೇಯ ಏಷ್ಯಾದ ಮೀನು, ಕ್ಯಾಟ್‌ಫಿಶ್ ಕೂಡ ಅಲ್ಲ. ಮೈಮೇಲೆ ಸಾಧಾರಣ ಹುರುಪೆ ಇರುತ್ತದೆ. ದೊಡ್ಡದಾದಾಗ ಬೇರೆ ಮೀನುಗಳನ್ನು ಅಟ್ಟಿಸಿಕೊಂಡು ಹೋಗುತ್ತದೆ.

ಮೀನಿನ ಡಬ್ಬಿಯ ಮೇಲೆ ಹೆಸರಿನ ಬದಲು ‘ಎಲ್-46’ ಎಂಬ ಸಂಖ್ಯೆ ಇದೆ. ಏನದು?

ಲೊರಿಕಾರಿಡೆ ಮೀನುಗಳು ವಿಜ್ಞಾನಿಗಳು ಹೆಸರಿಡುವ ಮೊದಲೇ ಮಾರುಕಟ್ಟೆಗೆ ಬರುತ್ತಿದ್ದವು. ಗೊಂದಲ ತಪ್ಪಿಸಲು ಜರ್ಮನಿಯ ಅಕ್ವೇರಿಯಂ ಪತ್ರಿಕೆಯೊಂದು 1988ರಿಂದ ಅವುಗಳಿಗೆ ಸಂಖ್ಯೆ ಕೊಡತೊಡಗಿತು. ‘ಎಲ್’ ಎಂದರೆ ಲೊರಿಕಾರಿಡೆ. ಎಲ್-46 ಎಂದರೆ ಕಪ್ಪು ಬಿಳುಪು ಪಟ್ಟೆಯ ಜೀಬ್ರಾ ಪ್ಲೆಕೊ, ಬ್ರೆಜಿಲ್‌ನ ಶಿಂಗು ನದಿಯೊಂದರಲ್ಲೇ ಇರುವ ಮೀನು. ಅದಕ್ಕೆ 1991ರಲ್ಲಿ ಹೈಪಾನ್ಸಿಸ್ಟ್ರಸ್ ಜೀಬ್ರಾ ಎಂಬ ಹೆಸರು ಬಂತು. ಅದೇ ನದಿಗೆ ಬೆಲೊ ಮೊಂಟೆ ಅಣೆಕಟ್ಟು ಕಟ್ಟಿದ ಮೇಲೆ ಅದರ ಬದುಕು ಇಕ್ಕಟ್ಟಿಗೆ ಸಿಲುಕಿದೆ. ಕಾಡಿನಿಂದ ಹಿಡಿದದ್ದು ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

ಕೋರಿಡೋರಾಸ್ ಎಂಬ ಹೆಸರೇ ಬದಲಾಯಿತಂತೆ, ನಿಜವೇ?

ಭಾಗಶಃ ನಿಜ. 2024ರ ಪರಿಷ್ಕರಣೆಯಲ್ಲಿ ಆ ದೊಡ್ಡ ಕುಲವನ್ನು ಹಲವು ಕುಲಗಳಾಗಿ ಒಡೆದರು. ಅಂಗಡಿಯಲ್ಲಿ ಸಿಗುವ ಕಂಚಿನ ಕೋರಿ ಈಗ ಓಸ್ಟಿಯೊಗ್ಯಾಸ್ಟರ್, ಪೆಪ್ಪರ್ ಕೋರಿ ಮತ್ತು ಸ್ಟೆರ್ಬಾ ಕೋರಿ ಹಾಪ್ಲಿಸೋಮಾ. ಹಳೆಯ ಹೆಸರನ್ನೇ ಹೇಳಿದರೂ ಎಲ್ಲರಿಗೂ ಅರ್ಥವಾಗುತ್ತದೆ.

## ನೀರು, ಚಳಿ, ಮಳೆ, ಆಹಾರ

ನಮ್ಮ ಬಾವಿ ನೀರು ಈ ಮೀನಿಗೆ ಆಗುತ್ತದೆಯೇ?

ಆಗುತ್ತದೆ. ಸುಣ್ಣದ ಅಂಶ ಕಡಿಮೆಯಿರುವ ನಮ್ಮ ಮೆದು ನೀರು ಅಮೆಜಾನ್ ಕಡೆಯ ಮೀನುಗಳಿಗೆ ಒಗ್ಗುತ್ತದೆ. ಆದರೆ ಅದೇ ಕಾರಣಕ್ಕೆ, ನೀರು ಬದಲಿಸದೆ ಬಿಟ್ಟರೆ ತೊಟ್ಟಿಯ ಹುಳಿ ತಿಂಗಳೆರಡು ತಿಂಗಳಲ್ಲಿ ಏರುತ್ತಾ ಹೋಗಿ, ಹಿಕ್ಕೆಯನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳು ಮಂಕಾಗುತ್ತವೆ. ತೋಟದ ಹುಳಿ ಮಣ್ಣಿಗೆ ಸುಣ್ಣ ಹಾಕುತ್ತೇವಲ್ಲ, ಇಲ್ಲಿಯೂ ಅದೇ ಉಪಾಯ: ಒಂದು ಹಿಡಿ ಕಪ್ಪೆಚಿಪ್ಪಿನ ಚೂರನ್ನು ಬಟ್ಟೆಯಲ್ಲಿ ಕಟ್ಟಿ ಫಿಲ್ಟರ್‌ನಲ್ಲಿಟ್ಟರೆ ಸಾಕು. ಪೇಟೆಯ ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಿಯೇ ಬಳಸಿ.

ಒಂದು ಎಚ್ಚರಿಕೆಯನ್ನು ನನ್ನ ನಷ್ಟದಿಂದಲೇ ಹೇಳುತ್ತೇನೆ. ಒಂದು ಜೂನ್‌ನಲ್ಲಿ ತೋಟದ ಮನೆಯ ತೊಟ್ಟಿಗೆ ಹಿತ್ತಲಲ್ಲಿದ್ದ ಬಕೆಟ್‌ನಿಂದ ನೀರು ತುಂಬಿದೆ. ಹಿಂದಿನ ವಾರ ಅದರಲ್ಲಿ ಕರಿಮೆಣಸಿಗೆ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ, ಕಲಸಿದ್ದರು. ತೊಳೆದಿದ್ದೆವು, ಆದರೂ ಅಂಚಿನಲ್ಲಿ ತೆಳುವಾದ ನೀಲಿ ಉಳಿದಿತ್ತು. ಸಂಜೆಯ ಹೊತ್ತಿಗೆ ಹನ್ನೊಂದು ಕೋರಿಗಳೂ ಮಗುಚಿ ಬಿದ್ದಿದ್ದವು. ಮೈಲುತುತ್ತಿನಲ್ಲಿರುವ ತಾಮ್ರ ಮೀನಿಗೆ ವಿಷ, ಅದರಲ್ಲೂ ನಮ್ಮ ಮೆದು ನೀರಿನಲ್ಲಿ ಅದರ ವಿಷ ಇನ್ನೂ ಹರಿತ. ಮೀನಿನ ಬಕೆಟ್, ಮೀನಿನ ಪೈಪ್ ಬೇರೆಯೇ ಇರಲಿ. ಮೇಲೆ ಬಣ್ಣದಲ್ಲಿ ‘ಮೀನು’ ಎಂದು ಬರೆದಿಡಿ.

ಡಿಸೆಂಬರ್ ಚಳಿಗೆ ಹೀಟರ್ ಬೇಕೇ?

ಮೀನಿನ ಮೇಲೆ ಹೋಗುತ್ತದೆ. ಬ್ರಿಸಲ್‌ನೋಸ್‌ಗೆ 22ರಿಂದ 26 ಡಿಗ್ರಿ ಇರಬೇಕು; ಸ್ಟೆರ್ಬಾ ಕೋರಿಗೆ 24ಕ್ಕಿಂತ ಇಳಿಯದಿದ್ದರೆ ಒಳ್ಳೆಯದು. ಮಡಿಕೇರಿ, ಸೋಮವಾರಪೇಟೆಗಳ ಚಳಿಗಾಲದ ರಾತ್ರಿಗೆ ಇವಕ್ಕೆ ಹೀಟರ್ ಇಲ್ಲದೆ ಆಗುವುದಿಲ್ಲ. ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ ತನ್ನಿ.

ಹೀಟರ್ ಬೇಡ ಎನ್ನುವವರಿಗೆ ನಾನು ಹೇಳುವುದು ಪೆಪ್ಪರ್ ಕೋರಿಯ ಹೆಸರನ್ನು. ಅದು ಅರ್ಜೆಂಟೀನಾ, ಉರುಗ್ವೆ, ದಕ್ಷಿಣ ಬ್ರೆಜಿಲ್ ಕಡೆಯ ತಂಪು ನೀರಿನ ಮೀನು. 18 ಡಿಗ್ರಿಯಲ್ಲೂ ಹಾಯಾಗಿ ತಿರುಗಾಡುತ್ತದೆ. ಬೀಗಲ್ ಹಡಗಿನ ಯಾನದಲ್ಲಿ ಡಾರ್ವಿನ್ ಸಂಗ್ರಹಿಸಿ ತಂದ, 1842ರಲ್ಲಿ ಜೀವವಿಜ್ಞಾನಿ ಜೆನಿನ್ಸ್ ವಿವರಿಸಿದ ಮೀನು ಇದೇ. ಬೆಟ್ಟದ ಮೇಲಿನ ನಮ್ಮ ಮನೆಗಳಿಗೆ ಇದಕ್ಕಿಂತ ಹೊಂದುವ ಕವಚದ ಮೀನನ್ನು ನಾನು ಕಂಡಿಲ್ಲ.

ಮಳೆಗಾಲದಲ್ಲಿ ಮೂರು ನಾಲ್ಕು ದಿನ ಕರೆಂಟ್ ಇರುವುದಿಲ್ಲ. ಮೀನು ಉಳಿಯುತ್ತದೆಯೇ?

ಕಕ್ಕಡ ತಿಂಗಳಲ್ಲಿ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು, ಆದ್ದರಿಂದ ಜೂನ್‌ಗೆ ಮೊದಲೇ ಸಿದ್ಧವಾಗಿ. ಬ್ಯಾಟರಿಯಲ್ಲಿ ನಡೆಯುವ ಸಣ್ಣ ಏರ್ ಪಂಪ್ ಒಂದು ಮನೆಯಲ್ಲಿರಲಿ. ಕರೆಂಟ್ ಹೋದ ಕೂಡಲೇ ಆಹಾರ ನಿಲ್ಲಿಸಿ. ಆರೋಗ್ಯವಂತ ಮೀನಿಗೆ ನಾಲ್ಕು ದಿನದ ಉಪವಾಸ ಏನೂ ಅಲ್ಲ, ತಿನ್ನದಿದ್ದರೆ ನೀರೂ ಕೆಡುವುದಿಲ್ಲ. ತೊಟ್ಟಿಗೆ ಕಂಬಳಿ ಸುತ್ತಿ ಬಿಸಿ ಉಳಿಸಿ, ಮೇಲ್ಭಾಗ ಸ್ವಲ್ಪ ತೆರೆದಿರಲಿ. ಮುಚ್ಚಿದ ಡಬ್ಬಿಯಂಥ ಫಿಲ್ಟರ್ ಇದ್ದರೆ ಕರೆಂಟ್ ಬಂದಾಗ ಹಾಗೆಯೇ ಚಾಲೂ ಮಾಡಬೇಡಿ. ಒಳಗೆ ನಿಂತ ನೀರು ಕೊಳೆತಿರುತ್ತದೆ. ಅದನ್ನು ಚೆಲ್ಲಿ, ಸ್ಪಂಜನ್ನು ತೊಟ್ಟಿಯ ನೀರಿನಲ್ಲೇ ಹಿಂಡಿ ಹಾಕಿ.

ಕೋರಿ ಆಗಾಗ ಮೇಲಕ್ಕೆ ಚಿಮ್ಮಿ ಬಂದು ಗಾಳಿ ನುಂಗುತ್ತದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆಯೇ?

ಆಗೊಮ್ಮೆ ಈಗೊಮ್ಮೆ ಆದರೆ ಅದು ಅದರ ಹುಟ್ಟುಗುಣ. ಕೋರಿ ಗಾಳಿಯನ್ನು ನುಂಗಿ ಕರುಳಿನ ಗೋಡೆಯಿಂದ ಆಮ್ಲಜನಕ ಹೀರಿಕೊಳ್ಳುತ್ತದೆ. ಸಕ್ಕರ್ ಅದೇ ಕೆಲಸಕ್ಕೆ ಹೊಟ್ಟೆಯನ್ನು ಬಳಸುತ್ತದೆ. ನಿಮಿಷಕ್ಕೆ ನಾಲ್ಕಾರು ಸಲ ಓಡಿ ಬರುತ್ತಿದ್ದು, ಕಿವಿರು ಬಿರುಸಾಗಿ ಬಡಿಯುತ್ತಿದ್ದರೆ ಮಾತ್ರ ತಕ್ಷಣ ಅರ್ಧ ನೀರು ಬದಲಿಸಿ.

ತಿನ್ನಲು ಏನು ಕೊಡಬೇಕು?

ಬ್ರಿಸಲ್‌ನೋಸ್‌ಗೆ ಸೊಪ್ಪು ತರಕಾರಿಯೇ ಮುಖ್ಯ. ಸೌತೆಕಾಯಿ, ಸಿಹಿಗುಂಬಳ, ಸೀಮೆಬದನೆಯ ಹೋಳನ್ನು ಒಂದು ಕುದಿ ಬೇಯಿಸಿ, ಸ್ಟೀಲ್ ಚಮಚಕ್ಕೆ ಸಿಕ್ಕಿಸಿ ಸಂಜೆ ದೀಪ ಆರಿಸುವಾಗ ಮುಳುಗಿಸಿ. ಬೆಳಿಗ್ಗೆ ಉಳಿದದ್ದನ್ನು ತೆಗೆಯಿರಿ. ಜೊತೆಗೆ ಪಾಚಿಯ ಬಿಲ್ಲೆ. ಕೋರಿಗೆ ತರಕಾರಿ ಸಾಲದು, ಮುಳುಗುವ ಕಾಳು ಮತ್ತು ವಾರಕ್ಕೊಮ್ಮೆ ಹೆಪ್ಪುಗಟ್ಟಿಸಿದ ಹುಳು ಬೇಕು. ‘ಬೇರೆ ಮೀನು ಬಿಟ್ಟದ್ದನ್ನು ತಿಂದುಕೊಳ್ಳುತ್ತದೆ’ ಎಂದುಕೊಂಡ ಮನೆಗಳಲ್ಲಿ ಹೊಟ್ಟೆ ಒಳಸೇರಿದ ಕೋರಿಗಳನ್ನು ಬಹಳ ಕಂಡಿದ್ದೇನೆ.

ಕೋರಿಯ ಮೀಸೆ ಸವೆದು ಮೊಂಡಾಗಿದೆ. ರೋಗವೇ?

ಹೆಚ್ಚಾಗಿ ತಳದ ದೋಷ. ಚೂಪಾದ ಕಲ್ಲುಪುಡಿ, ಅದರ ಸಂದಿಯಲ್ಲಿ ಕೊಳೆತ ಆಹಾರ, ಎರಡೂ ಸೇರಿ ಮೀಸೆಯನ್ನು ಹಾಳುಮಾಡುತ್ತವೆ. ನುಣ್ಣನೆಯ ಹೊಳೆ ಮರಳನ್ನು ತೊಳೆದು ಒಂದು ಇಂಚು ಹರಡಿ. ಆಗ ನೋಡಬೇಕು: ಕೋರಿ ಕಣ್ಣಿನವರೆಗೆ ಮೂತಿಯನ್ನು ಮರಳಿಗೆ ತೂರಿಸಿ, ಬಾಯಿ ತುಂಬ ಮರಳು ತೆಗೆದು, ಕಿವಿರಿನ ಸಂದಿಯಿಂದ ಸಣ್ಣ ಹೊಗೆಯಂತೆ ಹೊರಗೆ ಬಿಡುತ್ತದೆ. ಕೆಡುಕು ಬುಡದವರೆಗೆ ಹೋಗಿಲ್ಲದಿದ್ದರೆ ಮೀಸೆ ಮತ್ತೆ ಬೆಳೆಯುತ್ತದೆ.

ತೋಟದಲ್ಲಿ ಕಿತ್ತ ಕಾಫಿ ಬೊಡ್ಡೆಯನ್ನು ತೊಟ್ಟಿಗೆ ಹಾಕಬಹುದೇ?

ಹಾಕಬಹುದು, ಬಹಳ ಚೆನ್ನಾಗಿಯೂ ಕಾಣುತ್ತದೆ. ಆದರೆ ಅರೇಬಿಕಾ ಬೊಡ್ಡೆ ಬೇಡ. ಬಿಳಿ ಕಾಂಡಕೊರಕ ಹುಳುವನ್ನು ತಡೆಯಲು ಅದರ ಕಾಂಡಕ್ಕೆ ಕೀಟನಾಶಕ ಬಳಿದಿರುವ ಸಾಧ್ಯತೆ ಹೆಚ್ಚು. ಔಷಧಿ ಸೋಕದ ರೊಬಸ್ಟಾ ಬೊಡ್ಡೆಯನ್ನು ಒಂದು ಬೇಸಿಗೆ ಒಣಗಿಸಿ, ತೊಗಟೆ ಪೂರ್ತಿ ಸುಲಿದು, ಕುದಿಸಿ, ಮುಳುಗುವವರೆಗೆ ನೀರಿನಲ್ಲಿಡಿ. ಬ್ರಿಸಲ್‌ನೋಸ್ ಅದರ ಮೇಲೆಯೇ ಹಗಲು ಕಳೆಯುತ್ತದೆ.

ಗೋಲ್ಡ್ ಫಿಶ್ ಜೊತೆ ಸಕ್ಕರ್ ಬಿಡಬಹುದೇ?

ಬೇಡ. ಹಸಿದ ಸಕ್ಕರ್ ರಾತ್ರಿ ಗೋಲ್ಡ್ ಫಿಶ್‌ನ ಅಗಲ ಮೈಗೆ ಅಂಟಿ ಲೋಳೆಯನ್ನು ಹೆರೆಯುತ್ತದೆ. ಬೆಳಿಗ್ಗೆ ಪಕ್ಕೆಯಲ್ಲಿ ಕೆಂಪು ಗಾಯ ಕಾಣುತ್ತದೆ.

ಬಲೆಯಲ್ಲಿ ಸಿಕ್ಕಿಕೊಂಡಿದೆ, ಬಿಡಿಸಲು ಬರುತ್ತಿಲ್ಲ. ಏನು ಮಾಡಲಿ?

ಎಳೆಯಬೇಡಿ, ಬಲೆಯನ್ನು ಕತ್ತರಿಸಿ. ಇವು ಹೆದರಿದಾಗ ರೆಕ್ಕೆಯ ಮುಳ್ಳನ್ನು ಸೆಟೆದು ಬೀಗ ಹಾಕಿದಂತೆ ನಿಲ್ಲಿಸುತ್ತವೆ. ಮುಂದಿನ ಸಲ ಬಲೆಯ ಬದಲು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಡಿಯಿರಿ.

ಬಿಳಿ ಚುಕ್ಕೆ ರೋಗಕ್ಕೆ ಮಾಮೂಲಿ ಔಷಧಿ ಹಾಕಬಹುದೇ?

ತಾಮ್ರವಿರುವ ಔಷಧಿ ಬೇಡವೇ ಬೇಡ. ನೀರಿನ ಬಿಸಿಯನ್ನು ಎರಡು ದಿನದಲ್ಲಿ ಮೆಲ್ಲಗೆ 30 ಡಿಗ್ರಿಗೆ ಏರಿಸಿ, ಗಾಳಿ ಹೆಚ್ಚಿಸಿ, ಮ್ಯಾಲಕೈಟ್ ಗ್ರೀನ್ ಔಷಧಿಯಾದರೆ ಅರ್ಧ ಪ್ರಮಾಣದಿಂದ ತೊಡಗಿ. ಪೆಪ್ಪರ್ ಕೋರಿಗೆ ಅಷ್ಟು ಬಿಸಿ ಆಗದು. ಅದಕ್ಕೆ ಅರ್ಧ ಪ್ರಮಾಣದ ಔಷಧಿಯನ್ನಷ್ಟೇ ಕೊಡಿ.

## ಮರಿ ಮಾಡಿಸುವುದು

ಬ್ರಿಸಲ್‌ನೋಸ್ ಜೋಡಿ ಇದೆ. ಮೊಟ್ಟೆ ಇಡಿಸುವುದು ಹೇಗೆ?

ಗಂಡಿಗೆ ಅದರ ಮೈಯಷ್ಟೇ ಅಗಲದ ಗುಹೆ ಬೇಕು. ಒಂದು ಕಡೆ ಗೆಣ್ಣಿನಿಂದ ಮುಚ್ಚಿದ ಬಿದಿರಿನ ತುಂಡು ಸಾಕು. ಒಂದೆರಡು ವರ್ಷಕ್ಕೆ ಮೆತ್ತಗಾದಾಗ ಬದಲಿಸಿ. ಹೆಣ್ಣು ಗುಹೆಯೊಳಗೆ ಕಿತ್ತಳೆ ಬಣ್ಣದ ಮೊಟ್ಟೆಗಳ ಗೊಂಚಲನ್ನಿಟ್ಟು ಹೊರಟುಹೋಗುತ್ತದೆ. ಆಮೇಲಿನದ್ದೆಲ್ಲ ತಂದೆಯ ಪಾಲು. ಟಾರ್ಚ್ ಹಿಡಿದು ಬಗ್ಗಿ ನೋಡಿದರೆ, ಅವನು ಬಾಗಿಲಿಗೆ ಬಾಲ ಕೊಟ್ಟು ಮಲಗಿ, ಎದೆಯ ರೆಕ್ಕೆಗಳಿಂದ ಬಿಡದೆ ಮೊಟ್ಟೆಗಳಿಗೆ ಗಾಳಿ ಬೀಸುತ್ತಿರುತ್ತಾನೆ. ಸೌತೆಕಾಯಿ ಮುಂದಿಟ್ಟರೂ ಹೊರಗೆ ಬರುವುದಿಲ್ಲ. ಐದಾರು ದಿನಕ್ಕೆ ಮರಿ ಒಡೆಯುತ್ತವೆ. ಹಳದಿ ಚೀಲ ಕರಗುವವರೆಗೆ ಅವೂ ಗುಹೆಯಲ್ಲೇ ಇರುತ್ತವೆ. ಮರಿಗಳನ್ನು ಕೊಳ್ಳುವವರು ಯಾರೆಂದು ಮೊದಲೇ ಗೊತ್ತಿಲ್ಲದಿದ್ದರೆ ಜೋಡಿಯನ್ನು ಬೇರೆ ಮಾಡಿ, ಒಂದು ಸೂಲಿಗೆ ನೂರರ ಹತ್ತಿರ ಮರಿಗಳಾಗಬಹುದು.

ಕೋರಿ ಗಾಜಿನ ಮೇಲೆ ಮೊಟ್ಟೆ ಇಟ್ಟಿದೆ. ಬೇರೆ ಮೀನುಗಳು ತಿನ್ನುವ ಮೊದಲು ಏನು ಮಾಡಲಿ?

ಕೋರಿಗಳೇ ಮೊದಲು ತಿನ್ನುತ್ತವೆ. ಮೊಟ್ಟೆ ಅಂಟಂಟಾಗಿ ಗಟ್ಟಿಯಾಗಿರುತ್ತದೆ. ಬೆರಳಿನಿಂದ ಉರುಳಿಸಿ ತೆಗೆದು, ಅದೇ ತೊಟ್ಟಿಯ ನೀರಿರುವ ಡಬ್ಬಿಗೆ ಹಾಕಿ ಮೆಲ್ಲಗೆ ಗಾಳಿ ಬಿಡಿ. ಬೂಸ್ಟು ಹಿಡಿದ ಬಿಳಿ ಮೊಟ್ಟೆಗಳನ್ನು ದಿನವೂ ಆರಿಸಿ. ಮೂರರಿಂದ ಆರು ದಿನದಲ್ಲಿ ಮರಿಗಳಾಗುತ್ತವೆ. ಇನ್ನೂ ಮೊಟ್ಟೆ ಇಡದಿದ್ದವರು ಮುಂಗಾರಿನ ಮೊದಲ ಮಳೆಯ ದಿನಗಳಲ್ಲಿ ಎರಡು ಮೂರು ಡಿಗ್ರಿ ತಂಪಿನ ನೀರನ್ನು ಅರ್ಧ ಬದಲಿಸಿ ನೋಡಿ. ಮರುದಿನ ಬೆಳಿಗ್ಗೆ ಗಾಜನ್ನು ಪರೀಕ್ಷಿಸಿ.

## ಸಕ್ಕರ್ ದೊಡ್ಡದಾದಾಗ

ಒಂದು ಅಡಿ ದಾಟಿದೆ. ತೋಟದ ಕೆರೆಗೆ ಬಿಟ್ಟರೆ ಏನು ತೊಂದರೆ? ಅದು ನಮ್ಮದೇ ಕೆರೆ.

ಕೆರೆ ನಿಮ್ಮದು, ಆದರೆ ಅದರ ಕೋಡಿ ನಿಮ್ಮದಲ್ಲ. ಜುಲೈನಲ್ಲಿ ತುಂಬಿದ ಕೆರೆ ಗದ್ದೆಗೆ ಹರಿಯುತ್ತದೆ, ಗದ್ದೆ ತೋಡಿಗೆ, ತೋಡು ಹೊಳೆಗೆ. ಗದ್ದೆಯ ನೀರಿಗೆ ಏರಿಬರುವ ಕೊಯಿಲೆ ಮೀನನ್ನು ಬಲ್ಲ ನಮಗೆ ಈ ದಾರಿಯನ್ನು ಯಾರೂ ವಿವರಿಸಬೇಕಿಲ್ಲ. ಮೇಲೆ ಬರುವ ದಾರಿಯೇ ಕೆಳಗೆ ಹೋಗುವ ದಾರಿ. 2019ರ ಆಗಸ್ಟ್‌ನಲ್ಲಿ ಕರಡಿಗೋಡಿನಲ್ಲಿ ಕಾವೇರಿ ಮನೆಗಳೊಳಗೆ ಬಂದಾಗ ಕೆರೆ ಯಾವುದು, ಹೊಳೆ ಯಾವುದು ಎಂದು ಬೇರೆ ಮಾಡಲು ಸಾಧ್ಯವಿತ್ತೇ?

ಹೊಳೆ ಸೇರಿದ ಸಕ್ಕರ್ ಸಾಯುವುದಿಲ್ಲ. ಗಾಳಿಯನ್ನೂ ಉಸಿರಾಡುವುದರಿಂದ ಕೊಳಕು ನೀರಿನಲ್ಲಿ ಉಳಿಯುತ್ತದೆ, ನೀರಿನ ಹೊರಗೆ ಗಂಟೆಗಟ್ಟಲೆ ಬದುಕುತ್ತದೆ. ದಡದ ಮಣ್ಣಿನಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ, ದಡ ಕುಸಿಯುತ್ತದೆ. ಕವಚ ಮತ್ತು ಮುಳ್ಳಿನಿಂದಾಗಿ ಅದನ್ನು ತಿನ್ನುವ ಪ್ರಾಣಿ ಕಡಿಮೆ, ಬೆಸ್ತರ ಬಲೆ ಹರಿಯುತ್ತದೆ. ಕೇರಳದ ಕಾಲುವೆಗಳಲ್ಲಿ, ಆಂಧ್ರದ ಕೃಷ್ಣಾ ಮುಖಜ ಭೂಮಿಯಲ್ಲಿ, ಕೋಲ್ಕತ್ತದ ಪೂರ್ವದ ಜೌಗು ಭೂಮಿಯಲ್ಲಿ ಅದು ಆಗಲೇ ನೆಲೆಯೂರಿದೆ. ವಾರಾಣಸಿಯ ಗಂಗೆಯಲ್ಲೂ ಸಿಕ್ಕಿದೆ. ಕಾವೇರಿಯ ಡುಬ್ಬ ಮಹಶೀರ್ ಮೀನು ಜಗತ್ತಿನಲ್ಲಿ ಬೇರೆ ಯಾವ ನದಿ ವ್ಯವಸ್ಥೆಯಲ್ಲೂ ಇಲ್ಲ, 2018ರಿಂದ ತೀವ್ರ ಅಪಾಯದ ಪಟ್ಟಿಯಲ್ಲಿದೆ. ಅದರ ಮೊಟ್ಟೆ, ಮರಿಗಳಿರುವ ನೀರಿಗೆ ಇನ್ನೊಂದು ಬಾಯಿಯನ್ನು ನಾವು ಸೇರಿಸಬಾರದು.

ಹಾಗಾದರೆ ಸಾರು ಮಾಡಬಹುದೇ?

ಅಮೆಜಾನ್ ಕಡೆ ಜನ ಇದನ್ನು ತಿನ್ನುತ್ತಾರೆ, ಕವಚದ ಸಮೇತ ಸುಡುವುದೂ ಉಂಟು. ತೊಟ್ಟಿಯಲ್ಲಿ ಬೆಳೆದದ್ದನ್ನು ಮಾತ್ರ ತಿನ್ನಬೇಡಿ. ಅದರ ಮೈಯಲ್ಲಿ ಮೀನಿನ ಔಷಧಿಗಳ ಅಂಶ ಉಳಿದಿರಬಹುದು.

ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಬೇರೆ ದಾರಿ ಏನು?

ಮೊದಲು ಇನ್ನೊಂದೆರಡು ಅಂಗಡಿ ಕೇಳಿ. ಮೈಸೂರು, ಮಂಗಳೂರಿನಲ್ಲಿ ಆರು ಅಡಿಯ ತೊಟ್ಟಿ ಇಟ್ಟವರು ಸಿಗುತ್ತಾರೆ. ಒದ್ದೆ ಬಟ್ಟೆ ಹೊದಿಸಿದ ದೊಡ್ಡ ಬಕೆಟ್‌ನಲ್ಲಿ ಅರ್ಧ ನೀರಿಟ್ಟು ಕೊಂಡೊಯ್ದರೆ ಪ್ರಯಾಣ ತಾಳಿಕೊಳ್ಳುತ್ತದೆ. ನನ್ನ ಭಾವ ಸಿದ್ದಾಪುರದ ಮನೆಯೊಳಗೆ, ಕೋಡಿಯಿಲ್ಲದ ಸಿಮೆಂಟ್ ತೊಟ್ಟಿ ಕಟ್ಟಿಸಿ ಎರಡು ಸಕ್ಕರ್‌ಗಳನ್ನು ಸಾಕುತ್ತಿದ್ದಾರೆ. ಅದೂ ಆಗದಿದ್ದರೆ, ಬಕೆಟ್ ನೀರಿಗೆ ಲವಂಗದ ಎಣ್ಣೆಯನ್ನು ಚೆನ್ನಾಗಿ ಕದಡಿ ಮೀನಿಗೆ ಅರಿವಳಿಕೆ ಕೊಟ್ಟು, ಪ್ರಮಾಣ ಹೆಚ್ಚಿಸಿ, ಕಿವಿರಿನ ಆಟ ಪೂರ್ತಿ ನಿಂತು ಅರ್ಧ ಗಂಟೆಯಾದ ಮೇಲೆ ಗಿಡದ ಬುಡದಲ್ಲಿ ಹೂಳಿ. ಬರೆಯಲು ಕಷ್ಟವಾಗುವ ಮಾತು ಇದು. ಹೊಳೆಗೆ ಬಿಡುವುದಕ್ಕಿಂತ ಇದೇ ಸರಿ ಎಂದು ನಾನು ನಂಬಿದ್ದೇನೆ.

ಹಾರಂಗಿ ಹಿನ್ನೀರಿನಲ್ಲಿ ಗಾಳಕ್ಕೋ ಬಲೆಗೋ ಇಂಥ ಮೀನು ಸಿಕ್ಕರೆ?

ಮತ್ತೆ ನೀರಿಗೆ ಬಿಡಬೇಡಿ. ಬೆನ್ನಿನ ರೆಕ್ಕೆಯನ್ನು ಬಿಡಿಸಿ ಹಿಡಿದು ಒಂದು, ಹೊಟ್ಟೆ ಕಾಣುವಂತೆ ಮಗುಚಿ ಒಂದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು, ಹೀಗೆ ಮೂರು ಫೋಟೊ ತೆಗೆಯಿರಿ. ಸಿಕ್ಕ ಜಾಗ, ದಿನಾಂಕ ಬರೆದು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ತಲುಪಿಸಿ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಹಿಡಿಯಿರಿ, ರೆಕ್ಕೆಯ ಮುಳ್ಳು ಚುಚ್ಚಿದರೆ ಗಾಯ ಆಳವಾಗುತ್ತದೆ.